ಒಟ್ಟು ಲೆಕ್ಕ ಸರಿ, ಸಂಜೆಗೆ ಕತ್ತಲು

ಶಾಲೆಯ ವಿಜ್ಞಾನದಲ್ಲಿ ವಿದ್ಯುತ್ತಿನ ಮೂಲಗಳ ಪಾಠಕ್ಕೆ ಒಂದು ಸಿದ್ಧ ಅಚ್ಚಿದೆ. ಎಡಗಡೆ ಅನುಕೂಲ, ಬಲಗಡೆ ಅನಾನುಕೂಲ. ಕಲ್ಲಿದ್ದಲು ಹೇರಳವಾಗಿ ಸಿಗುತ್ತದೆ, ಆದರೆ ಹೊಗೆಯುಗುಳುತ್ತದೆ. ಜಲವಿದ್ಯುತ್ತಿನಿಂದ ಹೊಗೆಯಿಲ್ಲ, ಆದರೆ ಕಾಡು ಮುಳುಗುತ್ತದೆ. ಬಿಸಿಲು ಮುಗಿಯದ ಮೂಲ, ಆದರೆ ರಾತ್ರಿ ಸಿಗದು. ಪರಮಾಣುವಿನಲ್ಲಿ ಚಿಟಿಕೆ ಇಂಧನದಿಂದ ಅಪಾರ ಶಕ್ತಿ, ಆದರೆ ತ್ಯಾಜ್ಯದ ಭಯ. ಈ ಒಂದೊಂದು ಮಾತೂ ನಿಜ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ. ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ಹುಡುಗಿಯನ್ನು ‘ನಾಳೆ ಸಂಜೆ ಏಳು ಗಂಟೆಗೆ ಕರ್ನಾಟಕಕ್ಕೆ ಕರೆಂಟು ಎಲ್ಲಿಂದ ತರುತ್ತೀಯ?’ ಎಂದು ಕೇಳಿದರೆ ಪಟ್ಟಿ ಕೈಕೊಡುತ್ತದೆ. ಅದರಲ್ಲಿ ಗಂಟೆಯಿಲ್ಲ, ಮಳೆಗಾಲ ಬೇಸಿಗೆಗಳಿಲ್ಲ, ಎಷ್ಟು ಎಂಬುದಿಲ್ಲ, ಯಾರ ಖರ್ಚಿನಲ್ಲಿ ಎಂಬುದೂ ಇಲ್ಲ. ಎನ್‌ಸಿಇಆರ್‌ಟಿಯಂತೂ 2023ರಲ್ಲಿ ಹೊರಬಂದ ಪರಿಷ್ಕೃತ ಹತ್ತನೇ ತರಗತಿ ಪುಸ್ತಕದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ಕೈಬಿಟ್ಟಿತು. ಆ ಅಧ್ಯಾಯ ಮರಳಿ ಬರಬೇಕು. ಆದರೆ ಹಳೆಯ ಅಚ್ಚಿನಲ್ಲೇ ಬಂದರೆ ಲಾಭ ಕಡಿಮೆ. ವಿದ್ಯುತ್ ಆಯ್ಕೆಯನ್ನು ಮೂಲಗಳ ಗುಣದೋಷವಾಗಿ ಕಲಿಸಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅದನ್ನು ಗಂಟೆಗಂಟೆಯ ಹೊಂದಾಣಿಕೆಯಾಗಿ ಕಲಿಸಬೇಕು, ಹಾಗೆ ಕಲಿಸಲು ತರಗತಿಯಲ್ಲಿ ಆಡುವ ಸಿಮ್ಯುಲೇಶನ್ ಆಟ ನಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಎಂಬುದು ಈ ಬರಹದ ವಾದ.

ಗಂಟೆಗೆ ಏಕೆ ಇಷ್ಟು ಮಹತ್ವ? ಬೆಳೆದ ರಾಗಿಯನ್ನು ಕಣಜಕ್ಕೆ ತುಂಬಿ ವರ್ಷವಿಡೀ ಉಣ್ಣಬಹುದು. ಕರೆಂಟನ್ನು ಕರೆಂಟಾಗಿಯೇ ಕೂಡಿಡುವ ಅಂಥ ಕಣಜವಿಲ್ಲ. ಈ ಕ್ಷಣ ನಾಡಿನ ಎಲ್ಲ ಸ್ವಿಚ್ಚುಗಳು ಎಳೆಯುತ್ತಿರುವಷ್ಟನ್ನು ಈ ಕ್ಷಣವೇ ಯಾವುದೋ ಜನರೇಟರ್ ಕೊಡುತ್ತಿರಬೇಕು. ಎಳೆತ ಹೆಚ್ಚಿದರೆ ತಿರುಗುವ ಯಂತ್ರಗಳ ವೇಗ ಕುಗ್ಗಿ ಗ್ರಿಡ್ಡಿನ ಆವರ್ತನ 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ. ಎಳೆತ ಕಡಿಮೆಯಾದರೆ ಮೇಲೇರುತ್ತದೆ. ಭಾರತದ ಗ್ರಿಡ್ ನಿಯಮಗಳು ಅದನ್ನು 49.90ರಿಂದ 50.05ರ ನಡುವೆ ಇರಿಸಲು ಹೇಳುತ್ತವೆ. ಇದು ಎಷ್ಟು ಬಿಗಿಯಾದ ಕೆಲಸ ಎಂಬುದಕ್ಕೆ 2020ರ ಏಪ್ರಿಲ್ 5ರ ರಾತ್ರಿ ಒಳ್ಳೆಯ ಸಾಕ್ಷಿ. ಕೋವಿಡ್ ಲಾಕ್‌ಡೌನಿನ ನಡುವೆ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ಮನೆಯ ದೀಪ ಆರಿಸುವಂತೆ ದೇಶಕ್ಕೆ ಕರೆ ಬಂದಾಗ ಬೇಡಿಕೆ ಕೆಲವೇ ನಿಮಿಷಗಳಲ್ಲಿ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಗ್ರಿಡ್ ಕೆಡವದೆ ಅದನ್ನು ನಿಭಾಯಿಸಿದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ಅವು ಅಷ್ಟೇ ಹೊತ್ತಿನಲ್ಲಿ 17,000 ಮೆಗಾವ್ಯಾಟಿಗೂ ಹೆಚ್ಚು ಉತ್ಪಾದನೆಯನ್ನು ತಗ್ಗಿಸಿ, ದೀಪಗಳು ಮರಳಿ ಬೆಳಗುತ್ತಿದ್ದಂತೆ ಮತ್ತೆ ಏರಿಸಿದವು. ಕಲ್ಲಿದ್ದಲ ಬಾಯ್ಲರಿಗೆ ಆ ಚುರುಕಿಲ್ಲ. ಅಂದರೆ ಒಂದು ಮೂಲದ ಬೆಲೆ ಅದು ಎಷ್ಟು ಯೂನಿಟ್ ಕೊಡುತ್ತದೆ ಎಂಬುದರಲ್ಲಿ ಮಾತ್ರ ಇಲ್ಲ. ಯಾವಾಗ ಕೊಡುತ್ತದೆ, ಎಷ್ಟು ಬೇಗ ಏರಿ ಇಳಿಯುತ್ತದೆ ಎಂಬುದರಲ್ಲೂ ಇದೆ. ಅನುಕೂಲ-ಅನಾನುಕೂಲದ ಪಟ್ಟಿಯಲ್ಲಿ ಈ ಗುಣಕ್ಕೆ ಜಾಗವೇ ಇಲ್ಲ.

ಕರ್ನಾಟಕವನ್ನೇ ನೋಡಿ, ಇಂಥ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹರಿದ ಈ ನಾಡಿನಲ್ಲಿ ಇಂದು ಹೆಚ್ಚುಕಡಿಮೆ ಎಲ್ಲ ಬಗೆಯ ಮೂಲಗಳೂ ಇವೆ, ಪ್ರತಿಯೊಂದಕ್ಕೂ ಅದರದೇ ಕಾಲಗುಣವಿದೆ. ಕೈಗಾದ ನಾಲ್ಕು ಘಟಕಗಳು ಸೇರಿ 880 ಮೆಗಾವ್ಯಾಟ್. ಅವು ಹಗಲು ರಾತ್ರಿ ಒಂದೇ ಸಮನೆ ನಡೆಯುತ್ತವೆ, ಮೊದಲ ಘಟಕ 2018ರ ಕೊನೆಗೆ 962 ದಿನಗಳ ನಿರಂತರ ಓಟ ಮುಗಿಸಿತು. ರಾಯಚೂರು, ಬಳ್ಳಾರಿ, ಯರಮರಸ್‌ಗಳ ಕಲ್ಲಿದ್ದಲ ಕೇಂದ್ರಗಳು ಸೇರಿ 5,020 ಮೆಗಾವ್ಯಾಟ್. ಇವನ್ನು ಏರಿಳಿಸಬಹುದು, ಆದರೆ ನಿಧಾನವಾಗಿ, ಅದೂ ಒಂದು ಮಿತಿಯೊಳಗೆ. ಉರಿಯುತ್ತಿರುವ ಘಟಕವನ್ನು ಅದರ ಸಾಮರ್ಥ್ಯದ ಅರ್ಧಕ್ಕಿಂತ ಬಹಳ ಕೆಳಗೆ ನಡೆಸುವುದು ಕಷ್ಟ; ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. 1,035 ಮೆಗಾವ್ಯಾಟಿನ ಶರಾವತಿ ಕೇಂದ್ರ ನಿಮಿಷಗಳಲ್ಲಿ ಶುರುವಾಗುತ್ತದೆ, ಆದರೆ ಅದರ ಲಿಂಗನಮಕ್ಕಿ ಜಲಾಶಯದಲ್ಲಿ ನಿಂತ ನೀರು ಮುಂದಿನ ಮಳೆಗಾಲದ ತನಕ ಬರಬೇಕು. ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ಮುಂಗಾರಿನಲ್ಲಿ ಭರದಿಂದ ತಿರುಗಿ ಉಳಿದ ಕಾಲದಲ್ಲಿ ಮಂಕಾಗುತ್ತವೆ. ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಡುಹಗಲಿನಲ್ಲಿ ರಾಜ, ಸಂಜೆಗೆ ಶೂನ್ಯ. ಹೆಸರಿನ ಪಕ್ಕದ ಸಂಖ್ಯೆ ನೋಡಿದರೆ ಪಾವಗಡವು ರಾಯಚೂರಿನ ಒಂದು 210 ಮೆಗಾವ್ಯಾಟ್ ಘಟಕದ ಹತ್ತರಷ್ಟಿದೆ. ಸೌರ ಫಲಕದ ದಿನದ ಸರಾಸರಿ ಅದರ ಸಾಮರ್ಥ್ಯದ ಶೇ 20 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಪಾರ್ಕ್ ಕೊಡುವುದು ದಿನಕ್ಕೆ ಸುಮಾರು 98 ಲಕ್ಷ ಯೂನಿಟ್. ಪೂರ್ತಿ ಹೊರೆಯಲ್ಲಿ ನಡೆದ ಆ ಒಂದು ಘಟಕ ಕೊಡುವುದು ಸುಮಾರು 50 ಲಕ್ಷ. ಹತ್ತರಷ್ಟು ಇದ್ದದ್ದು ಎರಡರಷ್ಟಾಯಿತು. ಹಾಗೆಂದು ಗೆದ್ದದ್ದು ಕಲ್ಲಿದ್ದಲು ಎನ್ನುವಂತೆಯೂ ಇಲ್ಲ: ಯೂನಿಟಿಗೆ ಸುಮಾರು 700 ಗ್ರಾಂ ಎಂದರೂ ಆ ಘಟಕ ದಿನಕ್ಕೆ 3,500 ಟನ್, ಅಂದರೆ ಒಂದು ಗೂಡ್ಸ್ ರೈಲಿನ ಹೊರೆಗೆ ಹತ್ತಿರದಷ್ಟು ಕಲ್ಲಿದ್ದಲು ತಿನ್ನುತ್ತದೆ, ಪ್ರತಿ ಯೂನಿಟಿಗೂ ಒಂದು ಕಿಲೋ ಆಸುಪಾಸು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತದೆ.

ಇವನ್ನೆಲ್ಲ ಪಾಠದಲ್ಲೇ ಹೇಳಿ ಮುಗಿಸಬಾರದೇ, ಆಟವೇಕೆ ಎಂಬ ಪ್ರಶ್ನೆ ಸಹಜ. ಹೇಳಿದ್ದು ಸಾಲದು ಎನ್ನಲು ಆಧಾರವಿದೆ. ಲಿಂಡಾ ಬೂತ್ ಸ್ವೀನಿ ಮತ್ತು ಜಾನ್ ಸ್ಟರ್ಮನ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳಿಗೆ ಒಂದು ಸರಳ ಕೆಲಸ ಕೊಟ್ಟರು: ತೊಟ್ಟಿಗೆ ಬರುವ ನೀರಿನ ನಕ್ಷೆಯೂ ಹೊರಹೋಗುವ ನೀರಿನ ನಕ್ಷೆಯೂ ಇಲ್ಲಿವೆ, ತೊಟ್ಟಿಯಲ್ಲಿ ಯಾವಾಗ ಎಷ್ಟು ನೀರಿರುತ್ತದೆ ಎಂದು ಗೆರೆ ಎಳೆಯಿರಿ. ಕಲನಶಾಸ್ತ್ರ ಓದಿದ್ದ ಆ ಬುದ್ಧಿವಂತರಲ್ಲಿ ಬಹಳ ಮಂದಿ ಎಡವಿದರು. ಸೂತ್ರ ಬಲ್ಲವರಿಗೂ, ಕಾಲ ಕಳೆದಂತೆ ಒಂದು ಸಂಗ್ರಹ ಹೇಗೆ ತುಂಬುತ್ತದೆ, ಹೇಗೆ ಬರಿದಾಗುತ್ತದೆ ಎಂಬ ಗ್ರಹಿಕೆ ತಾನಾಗಿ ಬರುವುದಿಲ್ಲ. ಜಲಾಶಯವಾಗಲಿ, ಕಲ್ಲಿದ್ದಲ ದಾಸ್ತಾನಾಗಲಿ, ವಾತಾವರಣದ ಇಂಗಾಲವಾಗಲಿ, ಎಲ್ಲವೂ ಇಂಥ ತೊಟ್ಟಿಗಳೇ. ಕಾಲದೊಡನೆ ನಡೆಯುವ ಸಂಗತಿಯನ್ನು ಕಾಲದೊಡನೆಯೇ ಕಲಿಯಬೇಕಾಗುತ್ತದೆ: ಈಗ ಒಂದು ನಿರ್ಧಾರ, ಆಮೇಲೆ ಅದರ ಫಲ, ಆ ಫಲದ ಮೇಲೆ ಮತ್ತೊಂದು ನಿರ್ಧಾರ. ಆಟದ ಸುತ್ತುಗಳು ಒದಗಿಸುವುದು ಇದನ್ನೇ.

ಈ ಬಗೆಯ ಆಟಗಳಿಗೆ ಒಂದು ವಂಶಾವಳಿಯೇ ಇದೆ. ‘ಬೆಳವಣಿಗೆಯ ಮಿತಿಗಳು’ ಅಧ್ಯಯನದ ತಂಡವನ್ನು ಮುನ್ನಡೆಸಿದ ಡೆನ್ನಿಸ್ ಮೆಡೋಸ್ ರೂಪಿಸಿದ ‘ಫಿಶ್ ಬ್ಯಾಂಕ್ಸ್’ ಆಟದಲ್ಲಿ ತಂಡಗಳು ಮೀನುಗಾರಿಕೆಯ ಕಂಪನಿಗಳನ್ನು ನಡೆಸುತ್ತವೆ. ಎಲ್ಲರೂ ಜಾಣತನದಿಂದ ದೋಣಿ ಕೊಂಡು ಕೊನೆಗೆ ಕಡಲನ್ನೇ ಬರಿದು ಮಾಡುವುದು ಅದರಲ್ಲಿ ಸಾಮಾನ್ಯ. ವಿದ್ಯುತ್ತಿನ ವಿಷಯಕ್ಕೇ ಬಂದರೆ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಅರ್ಥಶಾಸ್ತ್ರಜ್ಞರಾದ ಸೆವೆರಿನ್ ಬೋರೆನ್‌ಸ್ಟೈನ್ ಮತ್ತು ಜೇಮ್ಸ್ ಬುಶ್ನೆಲ್ ಬೆಳೆಸಿದ ಆಟದಲ್ಲಿ ವಿದ್ಯಾರ್ಥಿ ತಂಡಗಳು ವಿದ್ಯುತ್ ಸ್ಥಾವರಗಳ ಗುಂಪುಗಳನ್ನು ಹರಾಜಿನಲ್ಲಿ ಕೊಂಡು, ಮಾರುಕಟ್ಟೆಯಲ್ಲಿ ಬೆಲೆ ಕೂಗುತ್ತವೆ. ಅಭಾವದ ಗಂಟೆಯಲ್ಲಿ ಒಂದೇ ತಂಡ ಬೆಲೆಯನ್ನು ಹೇಗೆ ಎತ್ತಿಬಿಡಬಲ್ಲದು ಎಂಬುದನ್ನು ಉಪನ್ಯಾಸಕ್ಕಿಂತ ಬೇಗ ಇದು ಕಲಿಸುತ್ತದೆ. ಬ್ರಿಟನ್ನಿನಲ್ಲಿ ಭೌತವಿಜ್ಞಾನಿ ಡೇವಿಡ್ ಮೆಕೇ ಸರ್ಕಾರದ ವೈಜ್ಞಾನಿಕ ಸಲಹೆಗಾರರಾಗಿದ್ದಾಗ 2010ರಲ್ಲಿ ಹೊರಬಂದ 2050ರ ಶಕ್ತಿ ಲೆಕ್ಕಯಂತ್ರ ಇನ್ನೊಂದು ಕವಲು. ನಮ್ಮ ಯೋಜನಾ ಆಯೋಗವೂ 2014ರಲ್ಲಿ 2047ರ ಭಾರತಕ್ಕಾಗಿ ಅದೇ ಮಾದರಿಯ ಸಾಧನವೊಂದನ್ನು ಬಿಡುಗಡೆ ಮಾಡಿತು. ಇವುಗಳಲ್ಲಿ ಹೆಚ್ಚಿನವಕ್ಕೆ ಕಂಪ್ಯೂಟರ್ ಬೇಕು, ಇಂಗ್ಲಿಷ್ ಬೇಕು. ಆದರೆ ಆಟದ ಜೀವಾಳ ಪರದೆಯಲ್ಲಿಲ್ಲ. ಕಪ್ಪುಹಲಗೆ, ಸೀಮೆಸುಣ್ಣ, ಕತ್ತರಿಸಿದ ರಟ್ಟಿನ ಚೀಟಿಗಳು ಇಷ್ಟಿದ್ದರೆ ಸಾಕು ಎಂಬುದನ್ನು ಒಂದು ಮಾದರಿಯಿಂದಲೇ ತೋರಿಸಬಹುದು.

ಒಂದು ಚೀಟಿ ಎಂದರೆ 1,000 ಮೆಗಾವ್ಯಾಟ್. ದಿನವನ್ನು ನಾಲ್ಕು ನಾಲ್ಕು ಗಂಟೆಯ ಆರು ಅವಧಿಗಳಾಗಿ ಹಲಗೆಯ ಮೇಲೆ ಬರೆಯಬೇಕು, ನಡುರಾತ್ರಿಯಿಂದ ಆರಂಭಿಸಿ. ಬೇಸಿಗೆಯ ಒಂದು ದಿನದ ಬೇಡಿಕೆ ಕ್ರಮವಾಗಿ 9, 11, 15, 14, 13, 12 ಚೀಟಿಗಳು. ಇವು ಆಟಕ್ಕಾಗಿ ದುಂಡಗೆ ಮಾಡಿದ ಅಂಕಿಗಳು. ಆದರೆ 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತ್ತು ಎಂಬುದನ್ನು ನೆನೆದರೆ ಅಳತೆ ತೀರ ದೂರವಿಲ್ಲ. ತಂಡದ ಕೈಯಲ್ಲಿ ಪರಮಾಣುವಿನ ಒಂದು ಚೀಟಿ, ಕಲ್ಲಿದ್ದಲಿನ ಐದು, ಹೊರಗಿನ ಕೇಂದ್ರ ಸ್ಥಾವರಗಳಲ್ಲಿ ರಾಜ್ಯದ ಪಾಲೆಂದು ಮೂರು. ಇವು ಎಲ್ಲ ಅವಧಿಗಳಲ್ಲೂ ದುಡಿಯುತ್ತವೆ. ಗಾಳಿಯ ಐದು ಚೀಟಿಗಳಿಗೆ ಬೇಸಿಗೆಯಲ್ಲಿ ಒಂದರಷ್ಟೇ ಫಲ. ಸೌರದ ನಿಯಮ: ಪ್ರತಿ ಐದು ಚೀಟಿಗೆ ಬೆಳಗಿನ ಎಂಟರಿಂದ ಸಂಜೆ ನಾಲ್ಕರ ತನಕದ ಎರಡು ಅವಧಿಗಳಲ್ಲಿ ಮೂರು ಮೂರು, ಉಳಿದ ಅವಧಿಗಳಲ್ಲಿ ಸೊನ್ನೆ. ತಂಡದ ಬಳಿ ಹತ್ತು ಸೌರ ಚೀಟಿಗಳಿವೆ. ನೀರಿನ ಚೀಟಿ ಮೂರು, ಆದರೆ ಜಲಾಶಯದ ಲೆಕ್ಕದಂತೆ ದಿನಕ್ಕೆ ಒಟ್ಟು ಆರು ಸಲ ಮಾತ್ರ ಆಡಿಸಬಹುದು. ಯಾವ ಅವಧಿಯಲ್ಲಿ ಎಂಬುದು ತಂಡದ ನಿರ್ಧಾರ. ನೀರನ್ನು ಬದಿಗಿಟ್ಟು ಕೂಡಿದರೆ ಕೊರತೆ ಕಾಣುವುದು ಮೂರೇ ಕಡೆ: ನಸುಕಿನ ನಾಲ್ಕರಿಂದ ಎಂಟರವರೆಗೆ ಒಂದು, ಸಂಜೆ ನಾಲ್ಕರಿಂದ ಎಂಟರವರೆಗೆ ಮೂರು, ಆಮೇಲೆ ನಡುರಾತ್ರಿಯವರೆಗೆ ಎರಡು. ಕೂಡಿದರೆ ಆರು, ಇರುವ ನೀರಿಗೆ ಸರಿಯಾಗಿ. ನಡುರಾತ್ರಿಯ ಅವಧಿಯಲ್ಲೂ ಹಗಲಲ್ಲೂ ಉಳಿದದ್ದಕ್ಕೆ ಕಲ್ಲಿದ್ದಲನ್ನು ಸ್ವಲ್ಪ ತಗ್ಗಿಸಿದರೆ ದಿನ ದಾಟಿತು. ನೀರನ್ನು ಹಗಲಲ್ಲೇ ಖರ್ಚು ಮಾಡಿದ ತಂಡ ಸಂಜೆಗೆ ಲೋಡ್ ಶೆಡ್ಡಿಂಗ್ ಘೋಷಿಸಬೇಕಾಗುತ್ತದೆ. ಜಲವಿದ್ಯುತ್ ಅಗ್ಗ, ಆದ್ದರಿಂದ ಸದಾ ಅದನ್ನೇ ನಡೆಸಬೇಕು ಎಂಬ ಪಟ್ಟಿಯ ತರ್ಕ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ.

ಎರಡನೇ ಸುತ್ತಿಗೆ ಶಿಕ್ಷಕರು ಬರದ ಚೀಟಿ ತೆಗೆಯುತ್ತಾರೆ. ಮಳೆ ಕೈಕೊಟ್ಟಿದೆ: ನೀರು ಆರರ ಬದಲು ಮೂರು ಸಲ. ಬಾವಿ, ಕೊಳವೆಬಾವಿಗಳ ಪಂಪ್‌ಸೆಟ್‌ಗಳು ಹೆಚ್ಚು ಹೊತ್ತು ಓಡುವುದರಿಂದ ಹಗಲಿನ ಎರಡು ಅವಧಿಗಳಲ್ಲಿ ಬೇಡಿಕೆ ಒಂದೊಂದು ಹೆಚ್ಚು. ಇದು ಕಾಲ್ಪನಿಕವಲ್ಲ. ಜಲಾಶಯ ಬತ್ತುವುದೂ ಪಂಪ್‌ಸೆಟ್ಟಿನ ಬೇಡಿಕೆ ಏರುವುದೂ ಒಂದೇ ಕಾರಣಕ್ಕೆ, ಒಂದೇ ಕಾಲದಲ್ಲಿ ಎಂಬುದನ್ನು ಕರ್ನಾಟಕ 2023ರಲ್ಲಿ ಕಂಡಿತು. ಆ ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಉತ್ಪಾದಕರು ಕರೆಂಟನ್ನು ಹೊರಗೆ ಮಾರದಂತೆ ಆದೇಶ ಹೊರಡಿಸಬೇಕಾಯಿತು. ಆಟದಲ್ಲಿ ಈಗ ದಿನದ ಒಟ್ಟು ಬೇಡಿಕೆ 76, ಒಟ್ಟು ಪೂರೈಕೆ 75. ಕೊರತೆ ಒಂದೇ ಎಂದು ಕಾಣುವುದರಿಂದ ತಂಡಗಳಿಗೆ ಹೊಳೆಯುವ ಸುಲಭ ಉಪಾಯ ಇನ್ನೂ ಐದು ಸೌರ ಚೀಟಿ ಕೊಳ್ಳುವುದು. ಕೊಂಡರೆ ಪೂರೈಕೆ 81ಕ್ಕೆ ಏರುತ್ತದೆ, ಬೇಡಿಕೆಗಿಂತ ಐದು ಹೆಚ್ಚು. ಆದರೂ ಸಂಜೆಯ ಕೊರತೆ ಒಂದಿಷ್ಟೂ ಕರಗುವುದಿಲ್ಲ. ಮೂರು ಚೀಟಿಗಳ ಹಳ್ಳ ಹಾಗೇ ಬಾಯಿ ತೆರೆದಿರುತ್ತದೆ, ಇತ್ತ ನಡುಹಗಲಿನಲ್ಲಿ ಕರೆಂಟು ಬೇಡದೆ ಬೀಳುತ್ತದೆ. ಒಟ್ಟು ಮೊತ್ತ ಎಂಬುದು ಎಂಥ ಮೋಸದ ಅಳತೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ವಾಕ್ಯವನ್ನು ಪಠ್ಯಪುಸ್ತಕದಲ್ಲಿ ಬರೆಯುವುದು ಕಷ್ಟ.

ಆಗ ಬರುವುದು ಪಂಪ್ಡ್ ಸ್ಟೋರೇಜ್ ಚೀಟಿ. ಹಗಲಿನ ಹೆಚ್ಚುವರಿ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಅದೇ ನೀರನ್ನು ಟರ್ಬೈನಿನ ಮೇಲೆ ಬಿಡುವುದು ಇದರ ಕೆಲಸ. ನಿಯಮ: ನಾಲ್ಕು ಕೊಟ್ಟರೆ ಮೂರು ವಾಪಸು, ಉಳಿದೊಂದು ಸವಕಳಿ. ಎರಡು ಚೀಟಿಯಷ್ಟು ಸಾಮರ್ಥ್ಯದ ಯೋಜನೆ ಹಗಲಿನ ಎರಡು ಅವಧಿಗಳಲ್ಲಿ ಎರಡೆರಡನ್ನು ನುಂಗಿ ಸಂಜೆಗೆ ಮೂರನ್ನು ಕೊಡುತ್ತದೆ, ಕೊರತೆ ಮುಚ್ಚುತ್ತದೆ. ಅಂದರೆ ಸೌರವೂ ಸಂಗ್ರಹವೂ ಬೇರೆ ಬೇರೆಯಾಗಿ ಸೋತು ಜೊತೆಯಾಗಿ ಗೆದ್ದವು. ಮೂಲಗಳು ಎದುರಾಳಿಗಳು, ಅವುಗಳಲ್ಲಿ ಒಂದನ್ನು ಆರಿಸಬೇಕು ಎಂಬ ಕಲ್ಪನೆಯೇ ತಪ್ಪೆಂದು ವಿದ್ಯಾರ್ಥಿಗೆ ಹೊಳೆಯುವುದು ಇಲ್ಲಿ. ಮೂರನೇ ಸುತ್ತಿನಲ್ಲಿ ಬೇಡಿಕೆಯ ಗೆರೆಯನ್ನೇ ಅಲುಗಾಡಿಸಲು ಬಿಡಬೇಕು. ಸಂಜೆಯ ಒಂದು ಚೀಟಿ ಬೇಡಿಕೆಯನ್ನು ಹಗಲಿಗೆ ಸರಿಸಿದರೆ ಸವಕಳಿಯಿಲ್ಲ, ಅಣೆಕಟ್ಟು ಬೇಡ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟನ್ನು ಹಗಲಿನಲ್ಲೇ ಕೊಡುವ ಯತ್ನದ ಹಿಂದಿರುವ ತರ್ಕ ಇದೇ. ಬಳಸುವ ಹೊತ್ತಿಗೆ ತಕ್ಕಂತೆ ದರ ವಿಧಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ನಿಯಮದ ಹಿಂದಿರುವುದೂ ಇದೇ. ಗ್ರಾಹಕರು ಕೂಡ ಆಟಗಾರರು ಎಂಬುದನ್ನು ಅನುಕೂಲ-ಅನಾನುಕೂಲದ ಪಟ್ಟಿ ಎಂದೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಗ್ರಾಹಕರೇ ಇಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಗಂಭೀರವಾದದ್ದು, ಕಲಿಕೆಯ ವಿಜ್ಞಾನದ ಒಳಗಿನಿಂದಲೇ ಬಂದದ್ದು. ಪಾಲ್ ಕಿರ್ಶ್ನರ್, ಜಾನ್ ಸ್ವೆಲರ್, ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದ ಹೆಸರಾಂತ ಪ್ರಬಂಧದ ವಾದ ಇದು: ಮನುಷ್ಯನ ತಾತ್ಕಾಲಿಕ ಸ್ಮೃತಿ ಬಹಳ ಚಿಕ್ಕದು, ಹೊಸಬರನ್ನು ಮಾರ್ಗದರ್ಶನವಿಲ್ಲದೆ ಸಮಸ್ಯೆಯೊಳಗೆ ಬಿಟ್ಟರೆ ಅವರು ಹುಡುಕಾಟದಲ್ಲೇ ದಣಿಯುತ್ತಾರೆ, ಕಲಿಯುವುದು ಕಡಿಮೆ. ಚೀಟಿ ಜೋಡಿಸುವ ಗದ್ದಲದಲ್ಲಿ ವಿಜ್ಞಾನ ಮರೆಯಾಗಬಹುದು ಎಂಬ ಶಿಕ್ಷಕರ ಆತಂಕ ಇದರದೇ ಇನ್ನೊಂದು ರೂಪ. ಇದಕ್ಕೆ ಎದುರಾಗಿ, ಮನು ಕಪೂರ್ 2008ರಿಂದ ಪ್ರಕಟಿಸಿರುವ ಸಂಶೋಧನೆ ಬೇರೆ ದಾರಿ ತೋರಿಸುತ್ತದೆ: ಮೊದಲು ಸಮಸ್ಯೆಯೊಡನೆ ಗುದ್ದಾಡಿ ಸೋತು, ಆಮೇಲೆ ಸರಿಯಾದ ವಿವರಣೆ ಕೇಳಿದವರು, ವಿವರಣೆಯಿಂದಲೇ ಆರಂಭಿಸಿದವರಿಗಿಂತ ವಿಷಯವನ್ನು ಆಳವಾಗಿ ಹಿಡಿಯುತ್ತಾರೆ. ಈ ಎರಡು ಮಾತುಗಳು ಮೇಲ್ನೋಟಕ್ಕೆ ಎದುರುಬದುರಾಗಿ ಕಂಡರೂ ಒಂದು ಅಂಶದಲ್ಲಿ ಕೂಡುತ್ತವೆ. ಕಪೂರರ ಪ್ರಯೋಗಗಳಲ್ಲಿ ಸೋಲೊಂದೇ ಕಲಿಸುವುದಿಲ್ಲ. ಸೋಲಿನ ಬೆನ್ನಿಗೆ ಬರುವ ಪಾಠ ಕಲಿಸುತ್ತದೆ. ಆದ್ದರಿಂದ ಆಟಕ್ಕೆ ಒಂದು ಅವಧಿ ಕೊಟ್ಟರೆ, ಆಟದ ನಂತರದ ಚರ್ಚೆಗೂ ಲೆಕ್ಕಕ್ಕೂ ಇನ್ನೊಂದು ಪೂರ್ತಿ ಅವಧಿ ಕೊಡಲೇಬೇಕು. ಸಂಜೆ ಏಕೆ ಕೈಕೊಟ್ಟಿತು, ನೀರನ್ನು ಯಾವಾಗ ಉಳಿಸಬೇಕಿತ್ತು, ಐದು ಸೌರ ಚೀಟಿಗೆ ಮೂರೇ ಏಕೆ ಎಂಬುದನ್ನು ಶಿಕ್ಷಕರು ಹಲಗೆಯ ಮೇಲೆ ಬಿಡಿಸಿ ಹೇಳಬೇಕು. ಚರ್ಚೆಗೆ ಸಮಯವಿಲ್ಲದಿದ್ದರೆ ಆಟವನ್ನೂ ಬಿಡುವುದೇ ಲೇಸು.

ಎರಡನೇ ಆಕ್ಷೇಪ ಪುರಾವೆಯದು: ಆಟದಿಂದ ನಿಜಕ್ಕೂ ಕಲಿಕೆ ಹೆಚ್ಚುತ್ತದೆಯೇ, ಅಥವಾ ಮಕ್ಕಳು ಖುಷಿಪಟ್ಟರು ಎಂಬುದನ್ನೇ ಕಲಿತರು ಎಂದುಕೊಳ್ಳುತ್ತೇವೆಯೇ? ಪೀಟರ್ ವೌಟರ್ಸ್ ಮತ್ತು ಸಂಗಡಿಗರು ಶಿಕ್ಷಣಕ್ಕಾಗಿ ರೂಪಿಸಿದ ಕಂಪ್ಯೂಟರ್ ಆಟಗಳ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಕೊಟ್ಟ ಉತ್ತರ ಕುತೂಹಲಕರ. ಕಲಿಕೆಯಲ್ಲೂ ನೆನಪಿನಲ್ಲೂ ಆಟಗಳು ಸಾಂಪ್ರದಾಯಿಕ ಬೋಧನೆಗಿಂತ ಮೇಲು, ಆದರೆ ಅಂತರ ಸಾಧಾರಣವಾದದ್ದು. ಆಸಕ್ತಿ, ಹುರುಪುಗಳಲ್ಲಿ ಮಾತ್ರ ಖಚಿತವಾದ ಹೆಚ್ಚಳ ಕಾಣಲಿಲ್ಲ. ನಾವು ಸಾಮಾನ್ಯವಾಗಿ ನಂಬುವುದಕ್ಕೆ ಇದು ತದ್ವಿರುದ್ಧ. ಆಟವನ್ನು ಬೇರೆ ಬೋಧನೆಯೊಡನೆ ಬೆರೆಸಿದಾಗ, ಹಲವು ಸಲ ಆಡಿಸಿದಾಗ, ಗುಂಪುಗಳಲ್ಲಿ ಆಡಿಸಿದಾಗ ಫಲ ಹೆಚ್ಚು ಎಂಬುದೂ ಅದೇ ವಿಶ್ಲೇಷಣೆಯ ತೀರ್ಮಾನ. ‘ವರ್ಲ್ಡ್ ಕ್ಲೈಮೇಟ್’ ಎಂಬ ಹವಾಮಾನ ಮಾತುಕತೆಯ ಆಟದ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನ ಎಂಟು ದೇಶಗಳ 2,042 ಮಂದಿಯನ್ನು ಒಳಗೊಂಡಿತ್ತು. ಅವರಲ್ಲಿ ಶೇ 81 ಮಂದಿಗೆ ಹವಾಮಾನ ಬದಲಾವಣೆಯ ವಿರುದ್ಧ ಏನಾದರೂ ಮಾಡಬೇಕೆಂಬ ಹಂಬಲ ಹೆಚ್ಚಿತು. ಆದರೆ ಹಂಬಲ ಒಂದು, ತಿಳಿವಳಿಕೆ ಇನ್ನೊಂದು. ಆಡಿ ಮುಗಿಸಿದ ಬಿಸಿಯಲ್ಲಿ ಹೇಳಿದ ಮಾತು ವರ್ಷದ ನಂತರವೂ ಉಳಿಯುತ್ತದೆ ಎನ್ನಲಾಗದು. ಆದ್ದರಿಂದ ಆಟವನ್ನು ಸಮರ್ಥಿಸಬೇಕಾದದ್ದು ಮಕ್ಕಳು ಕುಣಿದಾಡುತ್ತಾರೆ ಎಂಬ ಕಾರಣದಿಂದಲ್ಲ. ಗಂಟೆ, ಸಂಗ್ರಹ, ಕೊರತೆ ಎಂಬ ಮೂರು ಗ್ರಹಿಕೆಗಳನ್ನು ಬೇರೆ ವಿಧಾನಗಳು ಸರಿಯಾಗಿ ಕಲಿಸುತ್ತಿಲ್ಲ ಎಂಬ ಕಾರಣದಿಂದ.

ಮೂರನೆಯದು ಎಂಜಿನಿಯರುಗಳು ಎತ್ತಬಹುದಾದ ಆಕ್ಷೇಪ. ಗ್ರಿಡ್ ನಡೆಸುವವರು ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ನೋಡುತ್ತಾರೆ. ತಂತಿಗಳ ಮಿತಿ, ಟ್ರಾನ್ಸ್‌ಫಾರ್ಮರುಗಳ ಹೊರೆ, ಖರೀದಿ ಒಪ್ಪಂದದ ಷರತ್ತು ಎಲ್ಲವೂ ಅಲ್ಲಿವೆ. ಆರು ಅವಧಿಗಳ ಆಟ ಮಕ್ಕಳಲ್ಲಿ ಹುಸಿ ಆತ್ಮವಿಶ್ವಾಸ ಬೆಳೆಸುವುದಿಲ್ಲವೇ? ಬೆಳೆಸಬಹುದು, ಸರಳೀಕರಣವನ್ನು ಬಚ್ಚಿಟ್ಟರೆ. ಯಾವುದನ್ನು ಬಿಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳುವ ಆಟ ಆ ಅಪಾಯದಿಂದ ಪಾರಾಗುತ್ತದೆ. ಹೊರಗಿನ ಮೂರು ಚೀಟಿ ಯಾವ ತಂತಿಯ ಮೇಲೆ ಬಂತು ಎಂದು ಕೇಳಿದರೆ ಸಾಕು, ಬಿಟ್ಟ ಅಧ್ಯಾಯವೊಂದು ತೆರೆದುಕೊಳ್ಳುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣದ ಗ್ರಿಡ್ ಉಳಿದದ್ದು ಅದು ಇನ್ನೂ ಒಂದೇ ಆವರ್ತನದಲ್ಲಿ ಬೆಸೆದುಕೊಂಡಿರಲಿಲ್ಲವಾದ್ದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಅದನ್ನು ಬೆಸೆಯಿತು. ಅಂದಿನಿಂದ ನೆರವು ಬರುವ ದಾರಿಯೂ ತೊಂದರೆ ಬರುವ ದಾರಿಯೂ ಒಂದೇ. ಸರಳ ಆಟದ ಅಂಚಿನಲ್ಲಿ ಹುಟ್ಟುವ ಇಂಥ ಪ್ರಶ್ನೆಗಳೇ ಮುಂದಿನ ಪಾಠದ ಬೀಜ. ಬಿಡಬಾರದ ಸಂಗತಿಗಳು ನಾಲ್ಕೇ: ಹೊತ್ತು, ಮಿತಿಯಿರುವ ಸಂಗ್ರಹ, ಮಳೆಯಂಥ ಅನಿಶ್ಚಯ, ಹೊರೆ ಹೊರುವವರು. ಉಳಿದದ್ದನ್ನು ವಯಸ್ಸಿಗೆ ತಕ್ಕಂತೆ ಬಿಡಬಹುದು.

ಆ ನಾಲ್ಕನೆಯದರಲ್ಲಿ ಅತ್ಯಂತ ಕಠಿಣ ಆಕ್ಷೇಪ ಅಡಗಿದೆ. ಆಟದಲ್ಲಿ ಅಂಕ ಕೊಡುವವರು ಯಾರು? ಇಂಗಾಲಕ್ಕೆ ಹತ್ತು ಅಂಕ ಕಳೆದರೆ ಸೌರ ಗೆಲ್ಲುತ್ತದೆ, ಬೆಲೆಗೆ ಹತ್ತು ಅಂಕ ಇಟ್ಟರೆ ಬೇರೊಂದು ಗೆಲ್ಲುತ್ತದೆ. ಹೀಗೆ ಆಟ ರೂಪಿಸಿದವರ ಒಲವು ವಿಜ್ಞಾನದ ವೇಷದಲ್ಲಿ ಮಕ್ಕಳ ತಲೆಗೆ ಇಳಿಯುತ್ತದೆ. ಇದು ನಿಜ, ಮರೆಮಾಚುವಂತಿಲ್ಲ. ಪರಿಹಾರ ಒಂದೇ: ಅಂತಿಮ ಅಂಕವನ್ನು ನಿಯಮದಲ್ಲಿ ಬರೆಯದಿರುವುದು. ಕೊರತೆ ಎಷ್ಟು, ಖರ್ಚು ಎಷ್ಟು, ಇಂಗಾಲ ಎಷ್ಟು, ನೆಲ ಎಷ್ಟು ಎಂದು ಬೇರೆ ಬೇರೆ ಕಂಬಸಾಲಿನಲ್ಲಿ ಬರೆದಿಟ್ಟು, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಪ್ರತಿ ತಂಡವೂ ಆಡುವ ಮೊದಲೇ ಘೋಷಿಸಲಿ. ಕೊನೆಗೆ ಒಂದೇ ಉತ್ತರ ಬರದಿರಲಿ. ಪ್ರತಿ ಚೀಟಿಯ ಹಿಂಬದಿಯಲ್ಲಿ ಅದರ ಹೊರೆ ಹೊತ್ತವರ ಸಂಗತಿ ಇರಲಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಶರಾವತಿ ಸಂತ್ರಸ್ತರ ಜಮೀನಿನ ಹಕ್ಕಿನ ಪ್ರಶ್ನೆ ದಶಕಗಳ ನಂತರವೂ ಬಗೆಹರಿದಿಲ್ಲ. ಅದೇ ಕಣಿವೆಯಲ್ಲಿ ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಾಗ ಸಿಂಗಳೀಕಗಳ ಅಭಯಾರಣ್ಯದ ಗತಿಯೇನು ಎಂಬ ವಿರೋಧ ಎದ್ದಿದೆ. ಆಟದಲ್ಲಿ ಸಂಜೆಯನ್ನು ಉಳಿಸಿದ್ದು ಅಷ್ಟೇ ಗಾತ್ರದ ಚೀಟಿ. ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು; 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿಯಿತು; ಆಮೇಲೆ ಅದೇ ಸ್ಥಾವರ ದೀರ್ಘ ಓಟದ ದಾಖಲೆಯನ್ನೂ ಬರೆಯಿತು. ಪಾವಗಡದಲ್ಲಿ 13,000 ಎಕರೆ ಜಮೀನನ್ನು ಸರ್ಕಾರ ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆಗೆ ಪಡೆದದ್ದು ಬರದ ಸೀಮೆಯ ಜಮೀನುದಾರರಿಗೆ ಖಾತರಿಯ ಆದಾಯವಾಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಯಾವ ಮೂಲವೂ ಶುದ್ಧವಲ್ಲ ಎಂಬ ಸಿನಿಕತನ ಇದರಿಂದ ಬರಬೇಕಿಲ್ಲ. ಒಂದು ಯೋಜನೆಯ ನ್ಯಾಯ ಅದರ ಇಂಧನದಲ್ಲಿ ಮಾತ್ರವಿಲ್ಲ, ಒಪ್ಪಂದದ ಷರತ್ತಿನಲ್ಲೂ ಇದೆ, ಷರತ್ತನ್ನು ಬದಲಿಸಬಹುದು ಎಂಬುದು ಇಲ್ಲಿಂದ ಹೊರಡುವ ಪಾಠ.

ಇಲ್ಲೇ ಇನ್ನೊಂದು ಎಚ್ಚರಿಕೆ ಬೇಕು. ಸಂತ್ರಸ್ತರ ಪಾತ್ರವನ್ನು ಮಕ್ಕಳಿಗೆ ಹಂಚಿ ಅಭಿನಯಿಸಲು ಹೇಳುವುದು ಹಲವು ಆಟಗಳಲ್ಲಿ ರೂಢಿ. ಅದರಿಂದ ಸಹಾನುಭೂತಿ ಬೆಳೆಯುತ್ತದೆ ಎಂಬ ನಂಬಿಕೆಯಿದೆ. ಆದರೆ ಊರು ಕಳೆದುಕೊಂಡವರ ಮೊಮ್ಮಕ್ಕಳು ಅದೇ ಬೆಂಚಿನಲ್ಲಿ ಕುಳಿತಿರಬಹುದಾದ ಶಿವಮೊಗ್ಗ, ಉತ್ತರ ಕನ್ನಡದ ತರಗತಿಯಲ್ಲಿ ಆ ಅಭಿನಯ ನಗೆಪಾಟಲಾಗುವ ಅಪಾಯ ದೊಡ್ಡದು. ಅದರ ಬದಲು ದಾಖಲಾದ ಸಂಗತಿಗಳನ್ನು ಓದಿ, ಲೆಕ್ಕದ ಕಂಬಸಾಲಿನಲ್ಲಿ ಅದಕ್ಕೊಂದು ಜಾಗ ಕೊಟ್ಟು ವಾದಿಸುವುದು ಹೆಚ್ಚು ಗೌರವದ ದಾರಿ. ಸಿಲೆಬಸ್ ಮುಗಿಯಬೇಕಲ್ಲ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಆಟದೊಳಗೆ ಸಿಲೆಬಸ್ಸೇ ಇದೆ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಶಕ್ತಿ ಎಂಬುದು ಪ್ರತಿ ಸುತ್ತಿನಲ್ಲೂ ಬರುತ್ತದೆ. ಸ್ಥಿತಿಶಕ್ತಿಯ ಸೂತ್ರದಲ್ಲಿ 1,000 ಲೀಟರ್ ನೀರು, 400 ಮೀಟರ್ ಎತ್ತರ, ಶೇ 90 ದಕ್ಷತೆ ಎಂದು ತುಂಬಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ಬರುತ್ತದೆ. ಶರಾವತಿಯ ನೀರು ಇಳಿಯುವುದು ಅದಕ್ಕೂ ಹೆಚ್ಚು ಎತ್ತರದಿಂದ. ಮನೆಗೆ ಬರುವ ಜಲವಿದ್ಯುತ್ತಿನ ಪ್ರತಿ ಯೂನಿಟಿಗೂ ಒಂದು ಸಿಂಟೆಕ್ಸ್ ಟ್ಯಾಂಕಿನಷ್ಟು ನೀರು ಘಟ್ಟ ಇಳಿಯಬೇಕು ಎಂದು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ಆ ಸೂತ್ರವನ್ನು ಮತ್ತೆ ಉರುಹೊಡೆಸಬೇಕಿಲ್ಲ.

ಇದೆಲ್ಲ ಎಂಜಿನಿಯರುಗಳ, ಅಧಿಕಾರಿಗಳ ಕೆಲಸ, ಶಾಲೆಯ ಮಕ್ಕಳಿಗೇಕೆ ಎಂದು ಕೇಳುವವರು ಒಂದು ಸಂಗತಿ ಮರೆಯುತ್ತಾರೆ. ದರ ಏರಿಸಲು ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಸಲ್ಲಿಸುವ ಅರ್ಜಿಯ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಬಿಲ್ ಕಟ್ಟುವ ಯಾರು ಬೇಕಾದರೂ ಅಲ್ಲಿ ನಿಂತು ಮಾತಾಡಬಹುದು. ಯಾವ ಮೂಲದಿಂದ ಎಷ್ಟು, ಯಾವ ದರಕ್ಕೆ ಕೊಳ್ಳುತ್ತೇವೆ ಎಂಬ ಕೋಷ್ಟಕಗಳು ಆ ಅರ್ಜಿಗಳಲ್ಲಿ ಪುಟಗಟ್ಟಲೆ ಇರುತ್ತವೆ. ವರ್ಷದ ಒಟ್ಟು ಮೊತ್ತ ತೋರಿಸಿ ಕೊರತೆಯಿಲ್ಲ ಎಂದು ಹೇಳಿದಾಗ, ಹಾಗಾದರೆ ಸಂಜೆಯದು ಎಲ್ಲಿದೆ, ಮಳೆ ಬಾರದ ವರ್ಷಕ್ಕೆ ನೀರು ಎಷ್ಟು ಇಟ್ಟಿದ್ದೀರಿ, ಬೇಡಿಕೆಯನ್ನು ಹಗಲಿಗೆ ಸರಿಸಿದ್ದರೆ ಈ ಖರೀದಿ ಬೇಕಿತ್ತೇ, ಜಮೀನು ಬಿಟ್ಟವರ ಜೊತೆ ಒಪ್ಪಂದ ಹೇಗಿದೆ ಎಂದು ಕೇಳಬಲ್ಲ ನಾಗರಿಕರು ಇದ್ದರೆ ಆ ವಿಚಾರಣೆಗೆ ಅರ್ಥ ಬರುತ್ತದೆ. ಈ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೂ ಉನ್ನತ ಗಣಿತ ಬೇಕಿಲ್ಲ. ಹದಿನೈದು ವರ್ಷದ ಮಕ್ಕಳು ಎರಡು ಮೂರು ತರಗತಿಗಳಲ್ಲಿ ಚೀಟಿ ಜೋಡಿಸಿ, ಸೋತು, ಕಾರಣ ಹುಡುಕಿ ಕಲಿಯಬಹುದಾದ ಪ್ರಶ್ನೆಗಳಿವು. ಯಾವ ಮೂಲ ಒಳ್ಳೆಯದು ಎಂಬ ತೀರ್ಪನ್ನು ಶಾಲೆ ಮಕ್ಕಳಿಗೆ ಕಟ್ಟಿಕೊಡಬೇಕಾಗಿಲ್ಲ. ತೀರ್ಪು ಕೊಡುವವರನ್ನು ಸರಿಯಾದ ಪ್ರಶ್ನೆ ಕೇಳುವ ಶಕ್ತಿಯನ್ನು ಕೊಟ್ಟರೆ ಅದರ ಕೆಲಸ ಆಯಿತು.